ಹತ್ತು ಸಾವಿರ ದನ, ಒಬ್ಬನೇ ಒಡೆಯ

‘ರೆಡ್ ರಿವರ್’ ಸಿನಿಮಾದ ದನಗಳ ಒಡೆಯ ಟಾಮ್ ಡನ್ಸನ್ ನಿರ್ದಯಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ದನ ಸಾಗಿಸುವ ಕಸುಬಿನಲ್ಲಿ ಅವನು ಲೆಕ್ಕ ತಪ್ಪಿದ ಮನುಷ್ಯ ಎಂಬುದರ ಕಡೆ ಮಾತ್ರ ಅಷ್ಟಾಗಿ ಯಾರ ಗಮನವೂ ಹೋಗುವುದಿಲ್ಲ. ಹೊವರ್ಡ್ ಹಾಕ್ಸ್ ನಿರ್ದೇಶಿಸಿ 1948ರಲ್ಲಿ ತೆರೆಗೆ ಬಂದ ‘ರೆಡ್ ರಿವರ್’ ಚಿತ್ರವನ್ನು ಸಾಮಾನ್ಯವಾಗಿ ಸಾಕಿದಪ್ಪ ಮತ್ತು ಸಾಕುಮಗನ ಜಗಳವೆಂದು ನೋಡುತ್ತಾರೆ. ಇಲ್ಲವೇ ಹಡಗಿನ ಕ್ಯಾಪ್ಟನ್ ಮೇಲೆ ನಾವಿಕರು ತಿರುಗಿಬೀಳುವ ಹಳೆಯ ಕಥೆಯನ್ನು ಹುಲ್ಲುಗಾವಲಿಗೆ ತಂದದ್ದು ಎನ್ನುತ್ತಾರೆ. ಎರಡೂ ಸರಿಯೇ. ಆದರೆ ಚಿತ್ರದ ಬಹುಪಾಲು ಹೊತ್ತು ತೆರೆಯ ಮೇಲೆ ಇರುವುದು ಕೆಲಸ: ದನ ಎಬ್ಬಿಸುವುದು, ಹೊಡೆದುಕೊಂಡು ಹೋಗುವುದು, ಹೊಳೆ ದಾಟಿಸುವುದು, ರಾತ್ರಿ ಕಾಯುವುದು. ಆ ಕೆಲಸ 1860ರ ದಶಕದ ಟೆಕ್ಸಾಸ್‌ನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಅರಿತು ನೋಡಿದರೆ ಡನ್ಸನ್‌ನ ಕಾಠಿಣ್ಯ ಎಲ್ಲಿ ಅವನಿಗೆ ದಕ್ಕಿತು, ಎಲ್ಲಿ ಕೈಕೊಟ್ಟಿತು ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಯಾರ ಮಾತನ್ನೂ ಕೇಳದೆ ಇದ್ದುದರಿಂದಲೇ ಅವನು ಆಸ್ತಿ ಮಾಡಿದ. ಆ ಆಸ್ತಿಯನ್ನು ಮಾರಲು ಹೊರಟ ದಾರಿಯಲ್ಲಿ ಮಾತ್ರ ಮಾತು ಕೇಳದೆ ಗತಿಯಿರಲಿಲ್ಲ.

ಕಥೆ 1851ರಲ್ಲಿ ಶುರುವಾಗುತ್ತದೆ. ಪಶ್ಚಿಮಕ್ಕೆ ಹೊರಟ ಸಾಲುಬಂಡಿಗಳನ್ನು ಬಿಟ್ಟು ಡನ್ಸನ್ ದಕ್ಷಿಣಕ್ಕೆ, ಟೆಕ್ಸಾಸ್ ಕಡೆಗೆ ತಿರುಗುತ್ತಾನೆ. ಜೊತೆಗೆ ಗ್ರೂಟ್ ಎಂಬ ಬಂಡಿ ಹೊಡೆಯುವವ. ಫೆನ್ ಎಂಬ ಹುಡುಗಿ ತಾನೂ ಬರುತ್ತೇನೆಂದು ಅಂಗಲಾಚುತ್ತಾಳೆ. ಈಗ ಬೇಡ, ಆಮೇಲೆ ಕರೆಸಿಕೊಳ್ಳುತ್ತೇನೆ ಎಂದು ತಾಯಿಯ ಬಳೆಯನ್ನು ಅವಳ ಕೈಗೆ ತೊಡಿಸಿ ಹೊರಟುಬಿಡುತ್ತಾನೆ. ಕೆಲವೇ ಗಂಟೆಗಳಲ್ಲಿ ಹಿಂದೆ ದಿಗಂತದಲ್ಲಿ ಹೊಗೆ ಏಳುತ್ತದೆ. ರಾತ್ರಿ ತಮ್ಮ ಮೇಲೆ ಬಿದ್ದವರೊಂದಿಗಿನ ಕಾದಾಟದಲ್ಲಿ ಒಬ್ಬನ ಕೈಯಲ್ಲಿ ಅದೇ ಬಳೆ ಸಿಗುತ್ತದೆ. ಮರುದಿನ, ಆ ಸಾಲುಬಂಡಿಯಲ್ಲಿ ಬದುಕುಳಿದ ಹುಡುಗ ಮ್ಯಾಟ್ ಒಂದು ಹಸು ಹಿಡಿದುಕೊಂಡು, ಬುದ್ಧಿ ಕೆಟ್ಟವನಂತೆ ತನ್ನಷ್ಟಕ್ಕೆ ಮಾತಾಡುತ್ತಾ ನಡೆದುಬರುತ್ತಾನೆ. ಡನ್ಸನ್ ಹತ್ತಿರ ಗೂಳಿ, ಹುಡುಗನ ಹತ್ತಿರ ಹಸು. ಮುಂದಿನ ಇಡೀ ಮಂದೆಗೆ ಮೂಲ ಬಂಡವಾಳ ಇಷ್ಟೇ. ಮಂದೆಯಲ್ಲಿ ಮ್ಯಾಟ್‌ಗೂ ಪಾಲಿದೆ ಎಂಬ ಮಾತನ್ನು ಚಿತ್ರ ಇಲ್ಲಿಯೇ, ಸದ್ದಿಲ್ಲದೆ, ಇಟ್ಟುಬಿಡುತ್ತದೆ.

ರಿಯೊ ಗ್ರಾಂಡೆಯ ಹತ್ತಿರ ಒಳ್ಳೆಯ ಹುಲ್ಲು, ನೀರು ಕಂಡಲ್ಲಿ ಡನ್ಸನ್ ನಿಲ್ಲುತ್ತಾನೆ. ಇಬ್ಬರು ಸವಾರರು ಬಂದು, ಇದು ಡಾನ್ ಡಿಯೇಗೊನ ಜಮೀನು ಎನ್ನುತ್ತಾರೆ. ಒಡೆಯ ಇರುವುದು ನೂರಾರು ಮೈಲಿ ದೂರದಲ್ಲಿ. ಒಬ್ಬ ಮನುಷ್ಯನಿಗೆ ಇಷ್ಟು ಜಮೀನು ಹೆಚ್ಚಾಯಿತು ಎಂದು ಗ್ರೂಟ್ ನ್ಯಾಯದ ಧಾಟಿಯಲ್ಲಿ ಹೇಳುತ್ತಾನೆ. ಡನ್ಸನ್ ಒಬ್ಬ ಸವಾರನನ್ನು ಗುಂಡಿಟ್ಟು ಕೊಂದು, ಇನ್ನೊಬ್ಬನನ್ನು ಸುದ್ದಿ ಮುಟ್ಟಿಸಲು ಕಳಿಸುತ್ತಾನೆ. ಆಮೇಲೆ ಅದೇ ‘ಒಬ್ಬನಿಗೆ ಹೆಚ್ಚಾದ’ ಜಮೀನು ಇನ್ನೊಬ್ಬ ಒಬ್ಬನ ಪಾಲಾಗುತ್ತದೆ. ಗ್ರೂಟ್ ಆ ಬಗ್ಗೆ ತುಟಿ ಬಿಚ್ಚುವುದಿಲ್ಲ. 1848ರ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದ ನಂತರ ರಿಯೊ ಗ್ರಾಂಡೆ ಗಡಿಯಾಯಿತು. ಅದರ ಉತ್ತರಕ್ಕಿದ್ದ ಮೆಕ್ಸಿಕನ್ ಮನೆತನಗಳ ಹಿಡುವಳಿಗಳು ಖರೀದಿ, ಸಾಲ, ದಾವೆ, ಬೆದರಿಕೆ ಹೀಗೆ ನಾನಾ ದಾರಿಗಳಲ್ಲಿ ಕೈಬದಲಾಯಿಸಿದವು. ಆ ಸೀಮೆಯಲ್ಲಿ ದನ ಸಾಕುವ ದೊಡ್ಡ ಹಿಡುವಳಿ, ಅಂದರೆ ರಾಂಚ್, ಕಟ್ಟಿದ ರಿಚರ್ಡ್ ಕಿಂಗ್ 1853ರಲ್ಲಿ ಕ್ರಯಪತ್ರ ಮಾಡಿಸಿಕೊಂಡೇ ಜಮೀನು ಕೊಳ್ಳಲು ಶುರುಮಾಡಿದ್ದ. ಡನ್ಸನ್‌ಗೆ ಕಾಗದದ ಹಂಗೇ ಇಲ್ಲ. ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸುವ ಮುದ್ರೆಯೇ ಅವನ ಹಕ್ಕುಪತ್ರ: ನದಿಯ ಎರಡು ದಂಡೆಗಳಂತೆ ಎರಡು ಅಂಕುಡೊಂಕು ಗೆರೆ, ಪಕ್ಕದಲ್ಲಿ ಅವನ ಹೆಸರಿನ ಡಿ. ನನ್ನ ಎಂ ಎಲ್ಲಿ ಎಂದು ಹುಡುಗ ಕೇಳುತ್ತಾನೆ. ಗಳಿಸಿಕೊ, ಆಗ ಹಾಕುತ್ತೇನೆ ಎಂಬುದು ಉತ್ತರ.

ಕೊಂದವರನ್ನು ಹೂಳಿಸಿ, ಬೈಬಲ್ ತೆರೆದು ನಾಲ್ಕು ಸಾಲು ಓದುವುದು ಡನ್ಸನ್‌ನ ಕ್ರಮ. ಮುಂದೆ ಇದು ಚಾಳಿಯಾಗುತ್ತದೆ. ಅವನ ಆಳುಗಳಲ್ಲಿ ಒಬ್ಬನಾದ ಸಿಮ್ಸ್ ಗೊಣಗುವ ಮಾತು ಇಡೀ ಚಿತ್ರದಲ್ಲೇ ಅತ್ಯಂತ ಹರಿತವಾದದ್ದು: ಮನುಷ್ಯನ ಮೈತುಂಬಾ ಸೀಸ ತುಂಬಿ, ನೆಲದಲ್ಲಿ ನೆಟ್ಟು, ಆಮೇಲೆ ಆ ಕೆಲಸದಲ್ಲಿ ದೇವರನ್ನೂ ಪಾಲುದಾರನನ್ನಾಗಿ ಯಾಕೆ ಸೇರಿಸಿಕೊಳ್ಳಬೇಕು?

ಹದಿನಾಲ್ಕು ವರ್ಷ ಕಳೆಯುತ್ತದೆ. ಅಂತರ್ಯುದ್ಧ ಮುಗಿದಿದೆ, ದಕ್ಷಿಣದಲ್ಲಿ ಯಾರ ಕೈಯಲ್ಲೂ ದುಡ್ಡಿಲ್ಲ. ದನ ಮಾತ್ರ ಲೆಕ್ಕವಿಲ್ಲದಷ್ಟು. ಯುದ್ಧದ ವರ್ಷಗಳಲ್ಲಿ ಹಿಡಿಯುವವರಿಲ್ಲದೆ, ಬರೆ ಹಾಕುವವರಿಲ್ಲದೆ ಉದ್ದ ಕೊಂಬಿನ ಲಾಂಗ್‌ಹಾರ್ನ್ ದನಗಳು ಟೆಕ್ಸಾಸ್ ತುಂಬಾ ಲಕ್ಷಗಟ್ಟಲೆ ಬೆಳೆದಿದ್ದವು. ಅಲ್ಲಿ 4 ಡಾಲರ್‌ಗೆ ಕೇಳುವವರಿಲ್ಲದ ದನಕ್ಕೆ ಉತ್ತರದ ಪೇಟೆಯಲ್ಲಿ 40 ಡಾಲರ್‌ವರೆಗೂ ಬೆಲೆಯಿತ್ತು. ನಡುವೆ ಇದ್ದದ್ದು ದೂರ ಮಾತ್ರ. ಹಾಗಾಗಿ ಸುಮಾರು 10,000 ದನ ಕೂಡಿಸಿ, 1,000 ಮೈಲಿ, ಅಂದರೆ 1,600 ಕಿ.ಮೀ. ದೂರದ ಮಿಸ್ಸೂರಿಗೆ ಹೊಡೆದುಕೊಂಡು ಹೋಗುವುದೆಂದು ಡನ್ಸನ್ ತೀರ್ಮಾನಿಸುತ್ತಾನೆ. ಹೋಗದಿದ್ದರೆ ದಿವಾಳಿ.

ಹೊರಡುವ ಮುಂಚಿನ ಬರೆ ಹಾಕುವ ದೃಶ್ಯವನ್ನು ತುಸು ನಿಧಾನವಾಗಿ ನೋಡಬೇಕು. ದನಕ್ಕೆ ಹಗ್ಗ ಎಸೆದು, ಬೆಂಕಿಯ ಹತ್ತಿರಕ್ಕೆ ಎಳೆದುತಂದು, ಕೆಡವಿ, ಕಾದ ಕಬ್ಬಿಣವನ್ನು ಕೆಲವು ಸೆಕೆಂಡು ಒತ್ತುತ್ತಾರೆ. ಕಬ್ಬಿಣ ಕೆಂಪಗೆ ಉರಿಯುವಷ್ಟು ಕಾದಿದ್ದರೆ ಚರ್ಮ ಆಳಕ್ಕೆ ಸುಟ್ಟು ಗುರುತು ಕಲಸಿಹೋಗುತ್ತದೆ. ಬೂದಿಯ ಬಣ್ಣಕ್ಕೆ ತಿರುಗಿದಾಗ ಒತ್ತುವುದು ಸರಿಯಾದ ಹದ. ಕಾವು ಸಾಲದಿದ್ದರೆ ಕೂದಲು ಸುಟ್ಟೀತೇ ಹೊರತು ಗುರುತು ನಿಲ್ಲುವುದಿಲ್ಲ. ಮೈ ಒದ್ದೆಯಿದ್ದರೆ ಹಬೆಯೆದ್ದು ಅಂಚು ಹರಡಿಹೋಗುತ್ತದೆ. ಹಲವು ಒಡೆಯರ ದನ ಬೆರೆತ ಮಂದೆಯನ್ನು ದೂರ ಸಾಗಿಸುವಾಗ ದಾರಿಗೆಂದೇ ಹಗುರವಾದ ಇನ್ನೊಂದು ಗುರುತು ಹಾಕುವ ಪದ್ಧತಿ ಟೆಕ್ಸಾಸ್‌ನಲ್ಲಿ ಇತ್ತು. ಮೂಲ ಬರೆ ಹಾಗೇ ಉಳಿಯುತ್ತಿತ್ತು, ಮಾರಿದ ಮೇಲೆ ಯಾರ ದುಡ್ಡು ಯಾರಿಗೆ ಎಂದು ಹಂಚಿಕೊಳ್ಳುತ್ತಿದ್ದರು. ಡನ್ಸನ್ ಆ ಗೋಜಿಗೆ ಹೋಗುವುದಿಲ್ಲ. ನೆರೆಯ ಮೀಕರ್‌ನ ದನವಿರಲಿ, ಇನ್ನೊಬ್ಬರದಿರಲಿ, ಸಿಕ್ಕಿದ್ದಕ್ಕೆಲ್ಲ ತನ್ನ ಮುದ್ರೆಯನ್ನೇ ಒತ್ತಿಸುತ್ತಾನೆ. ಮ್ಯಾಟ್ ಹಿಂಜರಿಯುತ್ತಾನೆ, ಆದರೆ ಒತ್ತುತ್ತಾನೆ. ಮುಂದೆ ದಾರಿಯ ನಡುವೆ ಟೀಲರ್ ಎಂಬ ಆಳು, ಈ ಮಂದೆ ನಿನ್ನೊಬ್ಬನದಲ್ಲ, ಟೆಕ್ಸಾಸ್‌ನಲ್ಲಿ ಆಸೆಯಿಟ್ಟುಕೊಂಡು ಕೂತ ಬಡ ದನಗಾರರೆಲ್ಲರದು ಎಂದು ಕೂಗಿ ಹೇಳುತ್ತಾನೆ. ಸಾಯುವ ಮುಂಚಿನ ರೋಷದ ಮಾತಿನಂತೆ ಕೇಳಿದರೂ ಮಂದೆಯ ಮೈಮೇಲಿನ ಬರೆಗಳನ್ನು ನೋಡಿದರೆ ಅದು ಬರೀ ಸತ್ಯ.

ಕರಾರು ಕೂಡ ಸ್ಪಷ್ಟವಾಗಿದೆ. ಹೊರಡುವ ಹಿಂದಿನ ದಿನ ಡನ್ಸನ್ ಆಳುಗಳನ್ನೆಲ್ಲ ಕೂಡಿಸಿ ಹೇಳುತ್ತಾನೆ: ಬರಲು ಇಷ್ಟವಿಲ್ಲದವರು ಈಗಲೇ ಹೇಳಿ, ಬೇಸರವಿಲ್ಲ, ಹಿಂದಿರುಗಿ ಬಂದಾಗ ನಿಮ್ಮ ಕೆಲಸ ನಿಮಗೇ ಇರುತ್ತದೆ. ಆದರೆ ಒಮ್ಮೆ ಸಹಿ ಹಾಕಿದವನು ಕೊನೆಯವರೆಗೂ ಬರಬೇಕು. ಇದು ನ್ಯಾಯವಾದ ಮಾತು, ಡನ್ಸನ್ ಪಾತ್ರದ ಜಾನ್ ವೇಯ್ನ್ ಅದನ್ನು ಹೇಳುವ ರೀತಿಯಲ್ಲೂ ಮರ್ಯಾದೆಯಿದೆ. ಇಲ್ಲಿಯವರೆಗೆ ಅವನು ಕಠಿಣ ಒಡೆಯ, ಅಷ್ಟೇ. ಅವನನ್ನು ದೆವ್ವವಾಗಿಸುವುದು ಇದೇ ಕರಾರು. ಸಹಿ ಹಾಕಿದ ದಿನದ ಪರಿಸ್ಥಿತಿ ಬದಲಾದರೂ ಕರಾರಿನ ಒಂದಕ್ಷರ ಬದಲಾಗಕೂಡದು ಎಂಬ ಹಠ.

ಈಗ ಲೆಕ್ಕ. ದನ ಸಾಗಿಸುವವರು ಅನುಭವದಿಂದ ಕಂಡುಕೊಂಡ ಅಳತೆ ಒಂದು ಮಂದೆಗೆ 2,000ದಿಂದ 3,000 ದನ. ಅದಕ್ಕೆ ಹತ್ತು ಹನ್ನೆರಡು ಸವಾರರು, ಒಬ್ಬ ಮುಖ್ಯಸ್ಥ, ಒಬ್ಬ ಅಡುಗೆಯವ, ಕುದುರೆ ನೋಡಿಕೊಳ್ಳಲು ಒಬ್ಬ ಹುಡುಗ. ತಲಾ ಆರರಿಂದ ಹತ್ತು ಕುದುರೆ, ಯಾಕೆಂದರೆ ಒಂದೇ ಕುದುರೆ ದಿನವಿಡೀ ಆ ಓಡಾಟ ತಾಳುವುದಿಲ್ಲ. ಹೆಚ್ಚು ದನ ಕಳಿಸಬೇಕಿದ್ದರೆ ಬೇರೆ ಬೇರೆ ಮಂದೆ ಮಾಡಿ, ಪ್ರತಿಯೊಂದಕ್ಕೂ ಪ್ರತ್ಯೇಕ ಆಳು ಹಚ್ಚಿ, ನಡುವೆ ಅಂತರ ಬಿಟ್ಟು ಹೊರಡಿಸುತ್ತಿದ್ದರು. ಕಾರಣ ಸರಳ. ಒಂದು ದನಕ್ಕೆ ದಿನಕ್ಕೆ 40 ಲೀಟರ್ ನೀರು ಎಂದು ಹಿಡಿದರೂ 10,000ಕ್ಕೆ 4 ಲಕ್ಷ ಲೀಟರ್. ಸಣ್ಣ ಹಳ್ಳವನ್ನು ಮುಂದಿನ ಸಾವಿರ ದನ ಕುಡಿದು, ತುಳಿದು ಕೆಸರು ಮಾಡಿದರೆ ಹಿಂದಿನ ಒಂಬತ್ತು ಸಾವಿರಕ್ಕೆ ಉಳಿಯುವುದು ರಾಡಿ. ಹುಲ್ಲೂ ಹಾಗೆಯೇ. ಸಾಲು ಕಿಲೋಮೀಟರುಗಟ್ಟಲೆ ಚಾಚಿಕೊಳ್ಳುತ್ತದೆ, ತುದಿಯಲ್ಲಿ ಏನಾಯಿತೆಂದು ಬುಡಕ್ಕೆ ತಿಳಿಯುವುದೇ ಇಲ್ಲ. 10,000 ದನವನ್ನು ಒಂದೇ ಮಂದೆಯಾಗಿ ಹೊರಡಿಸಿದ ದಿನವೇ ಡನ್ಸನ್ ಸೋತ ಎಂದರೆ ಕಸುಬು ಬಲ್ಲವರು ಆಕ್ಷೇಪಿಸಲಾರರು. ಚಿತ್ರಕ್ಕೆ ಆ ಭವ್ಯತೆ ಬೇಕಿತ್ತು ಎಂಬುದು ಬೇರೆ ಮಾತು.

ಸವಾರರ ಜಾಗಗಳು ಗೊತ್ತಿದ್ದರೆ ಹಲವು ದೃಶ್ಯಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಮುಂಚೂಣಿಯ ಇಬ್ಬರು ಪಾಯಿಂಟ್. ದಿಕ್ಕು ತೋರಿಸುವವರು, ಅತ್ಯಂತ ಅನುಭವಿಗಳು. ಅವರ ಹಿಂದೆ ಎರಡೂ ಬದಿಗೆ ಸ್ವಿಂಗ್, ಇನ್ನೂ ಹಿಂದೆ ಫ್ಲ್ಯಾಂಕ್. ಕಟ್ಟಕಡೆಗೆ ಡ್ರ್ಯಾಗ್: ಕುಂಟುವ, ಸೋತ, ಎಳೆಗರುವಿನ ದನಗಳನ್ನು ನೂಕಿಕೊಂಡು, ಇಡೀ ಮಂದೆಯ ಧೂಳು ತಿನ್ನುತ್ತಾ ಬರುವವರು. ಹೊಸಬರಿಗೆ ಸಿಗುವುದು ಈ ಜಾಗ. ದಿನಕ್ಕೆ 16ರಿಂದ 24 ಕಿ.ಮೀ. ನಡೆಸುವುದು ವಾಡಿಕೆ. ಅದಕ್ಕಿಂತ ಹೆಚ್ಚು ಓಡಿಸಿದರೆ ಪೇಟೆ ಮುಟ್ಟುವ ಹೊತ್ತಿಗೆ ದನದ ಮೈಯಲ್ಲಿ ಮಾಂಸ ಉಳಿದಿರುವುದಿಲ್ಲ, ಬೆಲೆಯೂ ಇಳಿಯುತ್ತದೆ. ಮೇಯಿಸುತ್ತಾ ನಡೆಸುವುದೇ ಜಾಣತನ. ಡನ್ಸನ್‌ಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವಸರಿಸುತ್ತಾನೆ.

ಹೊರಡುವ ಬೆಳಗಿನ ದೃಶ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ನಸುಕಿನಲ್ಲಿ ಎಲ್ಲರೂ ಕುದುರೆ ಮೇಲೆ ಸುಮ್ಮನೆ ಕೂತಿದ್ದಾರೆ. ಕ್ಯಾಮೆರಾ ಡನ್ಸನ್‌ನಿಂದ ಹೊರಟು, ನಿಂತ ಮಂದೆಯನ್ನು, ಕಾದಿರುವ ಸವಾರರನ್ನು ನಿಧಾನವಾಗಿ ಸುತ್ತಿ ನೋಡುತ್ತದೆ. ಯಾರೂ ಅಲುಗುವುದಿಲ್ಲ. ಆಮೇಲೆ ಒಂದೇ ಮಾತು: ಮಿಸ್ಸೂರಿಗೆ ನಡೆಸು, ಮ್ಯಾಟ್. ಮ್ಯಾಟ್ ಟೋಪಿ ಎತ್ತಿ ಕೇಕೆ ಹಾಕುತ್ತಾನೆ. ತಕ್ಷಣ ಒಬ್ಬೊಬ್ಬ ಸವಾರನ ಮುಖ ತೆರೆತುಂಬಾ ಬಂದು ಕೇಕೆ ಹಾಕಿ ಹೋಗುತ್ತದೆ. ಸಂಕಲನಕಾರ ಕ್ರಿಶ್ಚಿಯನ್ ನೈಬಿಗೆ ಆಸ್ಕರ್ ನಾಮನಿರ್ದೇಶನ ಬಂದದ್ದು ಈ ಚಿತ್ರಕ್ಕೇ. ಅರ್ಧ ನಿಮಿಷದಲ್ಲಿ ಅಷ್ಟು ಜನರ ಪರಿಚಯ ಮಾಡಿಸಿ, ಅವರೆಲ್ಲ ಒಂದೇ ತಂಡ ಎಂದು ನಂಬಿಸಿಬಿಡುವ ಆ ತುಣುಕು ಸಾಕು ಕಾರಣಕ್ಕೆ. ಆ ಮುಖಗಳಲ್ಲಿ ಕೆಲವನ್ನು ಡನ್ಸನ್ ಮುಂದೆ ಕೊಲ್ಲಲಿದ್ದಾನೆ ಎಂಬುದು ಎರಡನೇ ಸಲ ನೋಡುವಾಗ ನೆನಪಾಗುತ್ತದೆ.

ಹೊಳೆ ದಾಟುವಾಗ ಹಾಕ್ಸ್ ಮಾಡಿದ ಒಂದು ಸಣ್ಣ ಕೆಲಸವನ್ನೂ ಗಮನಿಸಬೇಕು. ಕ್ಯಾಮೆರಾವನ್ನು ಗ್ರೂಟ್‌ನ ಬಂಡಿಯೊಳಗೆ ಇಟ್ಟಿದ್ದಾನೆ. ಬಟ್ಟೆಯ ಕಮಾನಿನ ಮೂಲಕ ಮುಂದಿನ ನೀರು, ಎತ್ತುಗಳ ಬೆನ್ನು, ಆಚೆ ದಡ ಕಾಣುತ್ತವೆ, ಬಂಡಿ ಓಲಾಡುತ್ತದೆ. ದನ ಈಜಿಸುವುದರಲ್ಲಿ ದೊಡ್ಡ ಅಪಾಯ ನಡುನೀರಿನದು. ಮುಂದಿನವು ಬೆದರಿ ಹಿಂದಕ್ಕೆ ತಿರುಗಿದರೆ ಹಿಂದಿನವು ಮೇಲೇರಿ ಬಂದು, ಸುಳಿಯಂತೆ ಸುತ್ತತೊಡಗಿ ಒಂದನ್ನೊಂದು ಮುಳುಗಿಸುತ್ತವೆ. ಹಾಗಾಗಿ ಕಣ್ಣಿಗೆ ಬಿಸಿಲು ಹೊಡೆಯುವ ಹೊತ್ತಿನಲ್ಲಿ ದಾಟಿಸುವುದಿಲ್ಲ, ಆಚೆ ದಡ ಸ್ಪಷ್ಟವಾಗಿ ಕಾಣಬೇಕು. ಧೈರ್ಯದ ಎತ್ತೊಂದನ್ನು ಮುಂದೆ ಬಿಟ್ಟು, ಮಿಕ್ಕವು ಹಿಂಬಾಲಿಸುವಂತೆ ನೋಡಿಕೊಳ್ಳುತ್ತಾರೆ.

ಇನ್ನು ಸಕ್ಕರೆಯ ಪ್ರಸಂಗ. ರಾತ್ರಿ ಮಲಗಿಸಿದ ಮಂದೆಯನ್ನು ಇಬ್ಬಿಬ್ಬರು ಸವಾರರು ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತಾ, ಮೆಲ್ಲಗೆ ಹಾಡುತ್ತಾ ಕಾಯುತ್ತಿದ್ದರು. ಹಾಡು ಮನರಂಜನೆಗಲ್ಲ, ಕತ್ತಲಲ್ಲಿ ಹತ್ತಿರ ಬರುವುದು ಮನುಷ್ಯ, ತೋಳವಲ್ಲ ಎಂದು ದನಕ್ಕೆ ಗೊತ್ತಾಗುವುದಕ್ಕೆ. ಮಿಂಚು, ಕಡ್ಡಿ ಗೀರಿದ ಬೆಳಕು, ಪಾತ್ರೆಯ ಸದ್ದು, ಯಾವುದೂ ಸಾಕು. ಸಾವಿರಾರು ದನ ಒಂದೇ ಉಸಿರಿಗೆ ಎದ್ದು ಓಡುತ್ತವೆ. ಚಿತ್ರದಲ್ಲಿ ಬಂಕ್ ಕೆನೀಲಿ ಎಂಬ ಸಕ್ಕರೆ ಚಪಲದ ಮನುಷ್ಯ ಅಡುಗೆ ಬಂಡಿಯಿಂದ ಕದಿಯಲು ಹೋಗಿ ಪಾತ್ರೆಗಳನ್ನು ಕೆಡವುತ್ತಾನೆ. ಗ್ರೂಟ್ ಮುಂಚೆಯೇ ಅವನನ್ನು ಹಿಡಿದು ಗದರಿಸಿರುತ್ತಾನೆ, ಹಾಗಾಗಿ ಕ್ಷಮಿಸಲು ಹೆಚ್ಚು ಜಾಗವಿಲ್ಲ. ಬೆದರಿದ ಮಂದೆಯನ್ನು ಹಿಂದಿನಿಂದ ತಡೆಯಲಾಗದು. ಸವಾರರು ಪಕ್ಕದಲ್ಲಿ ಓಡಿ ತಲೆದನಗಳ ಸರಿಸಮಕ್ಕೆ ಬಂದು, ಒಂದೇ ಬದಿಗೆ ಒತ್ತಿ ಒತ್ತಿ ಬಾಗಿಸಬೇಕು. ಸಾಲು ಬಾಗಿ ತನ್ನದೇ ಬಾಲವನ್ನು ಮುಟ್ಟಿದಾಗ ಚಕ್ರದಂತೆ ಸುತ್ತಿ, ದಣಿದು ನಿಲ್ಲುತ್ತದೆ. ಆ ಓಟದಲ್ಲಿ ಕುದುರೆ ಎಡವಿದರೆ ಸವಾರ ಉಳಿಯುವುದಿಲ್ಲ. ಡ್ಯಾನ್ ಲ್ಯಾಟಿಮರ್ ಎಂಬ ಹುಡುಗ ಸಾಯುತ್ತಾನೆ. ಹೆಂಡತಿಗೆ ಕೆಂಪು ಬೂಟು ಕೊಡಿಸಬೇಕೆಂದು ಆಸೆಪಡುತ್ತಿದ್ದವ. ಅವನ ಪೂರ್ತಿ ಸಂಬಳ ಹೆಂಡತಿಗೆ ಮುಟ್ಟಿಸಿ ಎಂದು ಡನ್ಸನ್ ಹೇಳುತ್ತಾನೆ, ಕೆಂಪು ಬೂಟಿನ ಮಾತೂ ಬರುತ್ತದೆ. ಮರುಕ್ಷಣವೇ ಕೆನೀಲಿಯನ್ನು ಬಂಡಿಚಕ್ರಕ್ಕೆ ಕಟ್ಟಿ ಚಾಟಿಯಲ್ಲಿ ಹೊಡೆಯಲು ಮುಂದಾಗುತ್ತಾನೆ. ಕೆನೀಲಿ ಬಂದೂಕಿಗೆ ಕೈಹಾಕಿದಾಗ, ಡನ್ಸನ್ ಕೊಂದೇಬಿಡುತ್ತಾನೆಂದು ತಿಳಿದ ಮ್ಯಾಟ್ ತಾನೇ ಮೊದಲು ಅವನ ಭುಜಕ್ಕೆ ಗುಂಡು ಹೊಡೆಯುತ್ತಾನೆ. ಒಬ್ಬನ ಜೀವ ಉಳಿಸಲು ಅವನಿಗೇ ಗುಂಡು ಹೊಡೆಯಬೇಕಾದ ಸ್ಥಿತಿ. ತಪ್ಪು ನಿಮ್ಮದು, ಮಿಸ್ಟರ್ ಡನ್ಸನ್ ಎಂದು ಗ್ರೂಟ್ ಮುಖಕ್ಕೆ ಹೇಳುತ್ತಾನೆ.

ಓಟದಲ್ಲಿ ನೂರಾರು ದನಗಳ ಜೊತೆ ದಿನಸಿ ಬಂಡಿಯೊಂದೂ ನಾಶವಾಗುತ್ತದೆ. ನನ್ನ ಲೆಕ್ಕದಲ್ಲಿ ಕಥೆಯ ನಿಜವಾದ ತಿರುವು ಇದು. ದನ ಸಾಗಿಸುವ ತಂಡದ ಬೆನ್ನೆಲುಬು ಅಡುಗೆ ಬಂಡಿ. ಚಾರ್ಲ್ಸ್ ಗುಡ್‌ನೈಟ್ 1866ರಲ್ಲಿ ಸೇನೆಯ ಹಳೆಯ ಬಂಡಿಗೆ ಹಿಂಬದಿಯಲ್ಲಿ ಖಾನೆಗಳ ಪೆಟ್ಟಿಗೆ ಕೂರಿಸಿ, ಅದರ ಬಾಗಿಲನ್ನೇ ಕೆಳಗಿಳಿಸಿ ಮೇಜಾಗುವಂತೆ ಮಾಡಿದ ಮೇಲೆ ಅದೊಂದು ಸಂಸ್ಥೆಯೇ ಆಯಿತು. ಹುಳಿಹಿಟ್ಟಿನ ರೊಟ್ಟಿ, ಬೀನ್ಸ್ ಕಾಳು, ಉಪ್ಪು ಹಾಕಿದ ಹಂದಿಮಾಂಸ, ಕಾಫಿ. ಅಡುಗೆಯವನಿಗೆ ಸವಾರರಿಗಿಂತ ಹೆಚ್ಚು ಸಂಬಳ. ತಿಂಗಳಿಗೆ 30 ಡಾಲರ್ ಆಸುಪಾಸಿನ ಕೂಲಿಗೆ, ನಿದ್ದೆಗೆಟ್ಟು, ಧೂಳು ನುಂಗಿ ದುಡಿಯುವವನಿಗೆ ದಿನದ ಕೊನೆಯಲ್ಲಿ ಸಿಗುವ ಸುಖ ಬಿಸಿ ಕಾಫಿಯೊಂದೇ. ಅದೂ ಹೋಗಿ, ಮೂರು ಹೊತ್ತೂ ದನದ ಮಾಂಸವೇ ಗತಿ ಎಂದಾದಾಗ ಮನಸ್ಸು ಮುರಿಯದೆ ಏನಾದೀತು? ಅನುಭವಿ ಮುಖ್ಯಸ್ಥನಾದವನು ಇಲ್ಲಿ ಎರಡು ದಿನ ನಿಂತು, ಹತ್ತಿರದ ವಸತಿಗೆ ಇಬ್ಬರನ್ನು ಕಳಿಸಿ, ದನ ಕೊಟ್ಟಾದರೂ ಹಿಟ್ಟು ಕಾಫಿ ತರಿಸುತ್ತಿದ್ದ. ಡನ್ಸನ್ ನಿದ್ದೆ ಬಿಟ್ಟು, ವಿಸ್ಕಿ ಕುಡಿಯುತ್ತಾ, ಯಾರು ಓಡಿಹೋಗುತ್ತಾರೆಂದು ಕಾಯುತ್ತಾ ಕೂರುತ್ತಾನೆ.

ಆ ಹೊತ್ತಿಗೆ ಮಾಹಿತಿಯೂ ಬರುತ್ತದೆ. ಬೇರೊಂದು ಮಂದೆಯಿಂದ ಪಾರಾಗಿ ಬಂದ ಗಾಯಾಳು ಹೇಳುತ್ತಾನೆ: ಮಿಸ್ಸೂರಿ ಗಡಿಯಲ್ಲಿ ದರೋಡೆಕೋರರಿದ್ದಾರೆ, ಹೋದವರು ಉಳಿದಿಲ್ಲ, ಕಾನ್ಸಾಸ್‌ನ ಆಬಿಲೀನ್‌ಗೆ ರೈಲು ಬಂದಿದೆಯಂತೆ. ಆ ರೈಲನ್ನು ಕಣ್ಣಾರೆ ಕಂಡಿದ್ದೀಯಾ ಎಂಬುದು ಡನ್ಸನ್‌ನ ಪ್ರಶ್ನೆ. ಕಂಡಿಲ್ಲ. ಹಾಗಾದರೆ ಮಿಸ್ಸೂರಿಯೇ. ಈ ಜಾಗದಲ್ಲಿ ಡನ್ಸನ್ ಪರವಾಗಿಯೂ ನಾಲ್ಕು ಮಾತು ಹೇಳಬೇಕು. ಕೈಯಲ್ಲಿರುವ ಜೀವಮಾನದ ಗಳಿಕೆಯನ್ನು ‘ಅಂತೆ’ಯ ಮೇಲೆ ತಿರುಗಿಸಲು ಯಾವ ಒಡೆಯನೂ ಹಿಂಜರಿದಾನು. ಆದರೆ ಒಬ್ಬ ಸವಾರನನ್ನು ಮುಂದೆ ಕಳಿಸಿ ನೋಡಿಸಿಕೊಂಡು ಬರುವುದಕ್ಕೆ ಅಡ್ಡಿಯೇನಿತ್ತು? ಆ ಸಣ್ಣ ಕೆಲಸವನ್ನು ಅವನು ಮಾಡುವುದಿಲ್ಲ.

ಇತಿಹಾಸದಲ್ಲಿ ಮಿಸ್ಸೂರಿಯ ಅಡ್ಡಿ ಬರೀ ದರೋಡೆಕೋರರದಾಗಿರಲಿಲ್ಲ. 1866ರಲ್ಲಿ ಸೆಡೇಲಿಯಾ ಕಡೆ ಹೊರಟ ಮಂದೆಗಳನ್ನು ಅಲ್ಲಿನ ರೈತರೇ ಕೋವಿ ಹಿಡಿದು ತಡೆದರು. ಟೆಕ್ಸಾಸ್ ದನ ಹಾದುಹೋದ ದಾರಿಯಲ್ಲಿ ಊರ ದನಗಳು ಜ್ವರ ಬಂದು ಸಾಯುತ್ತಿದ್ದವು, ಟೆಕ್ಸಾಸ್ ದನ ಮಾತ್ರ ಗಟ್ಟಿಮುಟ್ಟಾಗಿರುತ್ತಿತ್ತು. ಉಣುಗುಗಳಿಂದ ಹರಡುವ ರೋಗವದು ಎಂದು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಪ್ರಕಟಿಸುವವರೆಗೆ ಕಾರಣ ಖಚಿತವಾಗಿರಲಿಲ್ಲ. ಈ ತಡೆಯೇ ಆಬಿಲೀನ್ ಹುಟ್ಟಲು ಕಾರಣ: ಜೋಸೆಫ್ ಮೆಕಾಯ್ ಎಂಬ ಇಲಿನಾಯ್ ವ್ಯಾಪಾರಿ, ರೈತರ ವಸತಿ ವಿರಳವಾಗಿದ್ದ ಆ ರೈಲು ನಿಲ್ದಾಣದಲ್ಲಿ 1867ರಲ್ಲಿ ದನದ ಕೊಟ್ಟಿಗೆಗಳನ್ನು ಕಟ್ಟಿಸಿದ. ಮೊದಲ ವರ್ಷವೇ ಸುಮಾರು 35,000 ದನ ಬಂದವು. ಅಲ್ಲಿಗೆ ಹೋಗುವ ಹಾದಿಯ ಒಂದು ಭಾಗ ಜೆಸ್ಸಿ ಚಿಸಮ್ ಎಂಬ ಚೆರೋಕಿ ಮೂಲದ ವ್ಯಾಪಾರಿಯ ಬಂಡಿ ಜಾಡಾಗಿದ್ದರಿಂದ ಅವನ ಹೆಸರೇ ಉಳಿಯಿತು. ಚಿತ್ರ ಇದೆಲ್ಲವನ್ನೂ ಎರಡು ವರ್ಷ ಹಿಂದಕ್ಕೆ, 1865ಕ್ಕೆ ತಳ್ಳಿದೆ. ಅದೇ ಬಗೆಯ ಸ್ವಾತಂತ್ರ್ಯ ಬಂದೂಕುಗಳಲ್ಲೂ ಇದೆ. 1873ರಲ್ಲಿ ಬಂದ ಕೋಲ್ಟ್ ರಿವಾಲ್ವರ್ ಸೊಂಟದಲ್ಲಿ ನೇತಾಡುತ್ತದೆ. ಇವು ಕ್ಷಮ್ಯ. ಆಗಿನ ದನಗಾಹಿಗಳಲ್ಲಿ ಗಣನೀಯ ಪಾಲು ಕಪ್ಪು ಜನ ಮತ್ತು ಮೆಕ್ಸಿಕನ್ನರಾಗಿದ್ದರು. ಡನ್ಸನ್‌ನ ತಂಡದಲ್ಲಿ ಕಪ್ಪು ಮುಖ ಒಂದೂ ಕಾಣುವುದಿಲ್ಲ, ಇದು ಕ್ಷಮ್ಯವಲ್ಲ.

ಮುರಿಯುವ ಕ್ಷಣ ಬರುವುದು ಗಲ್ಲಿನ ಮಾತಿನಿಂದ. ಓಡಿಹೋದವರನ್ನು ಚೆರ್ರಿ ವ್ಯಾಲನ್ಸ್ ಎಂಬ ಬಂದೂಕು ನಿಪುಣ ಆಳು ಹಿಡಿದು ತರುತ್ತಾನೆ. ಕುಂಟುಕಾಲಿನ, ನಿದ್ದೆಯಿಲ್ಲದ ಡನ್ಸನ್ ಅವರನ್ನು ಗಲ್ಲಿಗೇರಿಸುತ್ತೇನೆ ಎನ್ನುತ್ತಾನೆ. ಮುಂಚೆ ದಾರಿಯಲ್ಲಿ ಎದುರುಬಿದ್ದ ಆಳುಗಳನ್ನು ಡನ್ಸನ್ ಗುಂಡಿಟ್ಟು ಕೊಂದಾಗ ಮ್ಯಾಟ್ ತಡೆದಿರಲಿಲ್ಲ, ಜೊತೆಗೇ ನಿಂತಿದ್ದ. ಎದುರಿಗಿರುವವನ ಕೈಯಲ್ಲೂ ಬಂದೂಕಿತ್ತು ಎಂಬ ಸಮಾಧಾನವಾದರೂ ಅಲ್ಲಿತ್ತು. ಕೈಕಟ್ಟಿ ನೇಣು ಹಾಕುವುದು ಶಿಕ್ಷೆ. ಶಿಕ್ಷೆ ಕೊಡಲು ಕಾನೂನು ಬೇಕು. ಕಾನೂನು ನಾನೇ ಎನ್ನುತ್ತಾನೆ ಡನ್ಸನ್. ಇಲ್ಲ, ನೀವು ಹಾಗೆ ಮಾಡುವುದಿಲ್ಲ ಎಂದು ಮ್ಯಾಟ್ ಎತ್ತರದ ದನಿಯೂ ಇಲ್ಲದೆ ಹೇಳುತ್ತಾನೆ. ಮ್ಯಾಟ್ ಪಾತ್ರದ ಮಾಂಟ್ಗೊಮರಿ ಕ್ಲಿಫ್ಟ್‌ಗೆ ಇದು ನಟಿಸಿದ ಮೊದಲ ಸಿನಿಮಾ. ರಂಗಭೂಮಿಯಿಂದ ಬಂದ ತೆಳ್ಳಗಿನ ಹುಡುಗ, ವೇಯ್ನ್‌ನ ಗಾತ್ರಕ್ಕೆ ಗಾತ್ರದಿಂದ ಉತ್ತರ ಕೊಡಲು ಹೋಗಲೇ ಇಲ್ಲ. ಮೂಗು ಉಜ್ಜಿಕೊಳ್ಳುವುದು, ಕಾಫಿ ಲೋಟದ ಅಂಚಿನಿಂದ ನೋಡುವುದು, ಮಾತಿಗೆ ಮುಂಚೆ ಅರೆಗಳಿಗೆ ತಡೆಯುವುದು, ಇಷ್ಟರಲ್ಲೇ ಎದುರು ನಿಂತ. 39ರ ವೇಯ್ನ್ ಕೂಡ ಮುದಿತನವನ್ನು ಬಣ್ಣಕ್ಕಿಂತ ಮೈಯಲ್ಲಿ ತೋರಿಸಿದ್ದಾನೆ. ಕುದುರೆಯಿಂದ ಇಳಿದ ಮೇಲೆ ಸೊಂಟ ನೇರವಾಗಲು ಅವನು ತೆಗೆದುಕೊಳ್ಳುವ ಹೊತ್ತನ್ನು ನೋಡಿ.

ಆಳುಗಳು ಮ್ಯಾಟ್ ಪರ ನಿಂತು ಮಂದೆಯನ್ನು ಆಬಿಲೀನ್ ಕಡೆಗೆ ತಿರುಗಿಸುತ್ತಾರೆ. ಕೈಗೆ ಗಾಯವಾಗಿ, ಮಂದೆ ಕಳೆದುಕೊಂಡು ಒಂಟಿಯಾದ ಡನ್ಸನ್ ಮ್ಯಾಟ್‌ಗೆ, ನೀನು ತಿರುಗಿ ನೋಡಿದಾಗಲೆಲ್ಲ ನಾನಿರುತ್ತೇನೆ, ಒಂದು ಸಲ ಕೊಂದೇ ಕೊಲ್ಲುತ್ತೇನೆ ಎನ್ನುತ್ತಾನೆ. ಅಲ್ಲಿಂದ ಮುಂದೆ ವೇಯ್ನ್ ತೆರೆಯ ಮೇಲೆ ಕಡಿಮೆ, ಆದರೆ ಮಂಜಿನಲ್ಲಿ, ಕತ್ತಲಲ್ಲಿ ಎಲ್ಲರೂ ಹಿಂದಕ್ಕೇ ನೋಡುತ್ತಿರುತ್ತಾರೆ. ಮ್ಯಾಟ್ ಆಬಿಲೀನ್ ಮುಟ್ಟುತ್ತಾನೆ, ಹಳಿಯ ಮೇಲೆ ನಿಂತ ರೈಲಿನ ಮುಂದಿನಿಂದ ಮಂದೆ ದಾಟುತ್ತದೆ, ವ್ಯಾಪಾರಿ ಮೆಲ್ವಿಲ್ ಒಳ್ಳೆಯ ಬೆಲೆ ಕೊಡುತ್ತಾನೆ. ಹಣದ ಚೀಟಿಯನ್ನು ಮ್ಯಾಟ್ ತನ್ನ ಹೆಸರಿಗೆ ಬರೆಸಿಕೊಳ್ಳುವುದಿಲ್ಲ. ಥಾಮಸ್ ಡನ್ಸನ್ ಎಂದೇ ಬರೆಸುತ್ತಾನೆ. ದಂಗೆ ಎದ್ದವನು ಕರಾರು ಪೂರೈಸಿದ್ದಾನೆ, ಕರಾರು ಕರಾರು ಎಂದವನಿಗಿಂತ ಚೊಕ್ಕವಾಗಿ.

ಇನ್ನು ಆ ಅಂತ್ಯ. ಡನ್ಸನ್ ಕುದುರೆಯಿಂದಿಳಿದು ಊರು ತುಂಬಿದ ದನಗಳ ನಡುವೆ ನೇರವಾಗಿ ನಡೆದುಬರುತ್ತಾನೆ, ಬದಿಗೆ ಸರಿಯುವುದು ದನಗಳೇ. ಹಿಂದಿನಿಂದ ಚೆರ್ರಿ ಕರೆದಾಗ ತಿರುಗಿ ಗುಂಡು ಹಾರಿಸಿ, ಹೆಜ್ಜೆ ನಿಲ್ಲಿಸಿಯೂ ನಿಲ್ಲಿಸದವನಂತೆ ಮುಂದುವರಿಯುತ್ತಾನೆ. ಮ್ಯಾಟ್ ಬಂದೂಕು ಎತ್ತುವುದಿಲ್ಲ. ಸುತ್ತಮುತ್ತ ಗುಂಡು ಹಾರಿಸಿ, ಕೆನ್ನೆ ಸವರಿಸಿ, ಕೊನೆಗೆ ಬಂದೂಕು ಎಸೆದು ಡನ್ಸನ್ ಗುದ್ದುತ್ತಾನೆ. ಮ್ಯಾಟ್ ತಿರುಗಿ ಗುದ್ದಿದಾಗ, ಹದಿನಾಲ್ಕು ವರ್ಷ ಹೆದರಿದ್ದೆ, ಇನ್ನು ಪರವಾಗಿಲ್ಲ ಎಂದು ಗ್ರೂಟ್ ಹಿಗ್ಗುತ್ತಾನೆ. ಅಷ್ಟರಲ್ಲಿ ಮ್ಯಾಟ್‌ನನ್ನು ಪ್ರೀತಿಸುವ ಟೆಸ್ ಎಂಬ ಹುಡುಗಿ ಬಂದೂಕು ಹಾರಿಸಿ, ನೀವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತೀರೆಂದು ಅರೆಬುದ್ಧಿ ಇರುವವನಿಗೂ ಗೊತ್ತು ಎಂದು ಬೈಯುತ್ತಾಳೆ. ಇಬ್ಬರೂ ಪೆಚ್ಚಾಗಿ ಕೂರುತ್ತಾರೆ. ಡನ್ಸನ್ ಮಣ್ಣಿನಲ್ಲಿ ಮುದ್ರೆ ಬಿಡಿಸಿ, ಎಂ ಸೇರಿಸುತ್ತಾನೆ.

ಮೂಲ ಕಥೆಗಾರ ಬೋರ್ಡನ್ ಚೇಸ್ ಬರೆದದ್ದು ಹೀಗಿರಲಿಲ್ಲ, ಅವನ ಕಥೆಯಲ್ಲಿ ಡನ್ಸನ್ ಸಾಯುತ್ತಾನೆ. ಹಾಕ್ಸ್ ಅಂತ್ಯ ನುಣುಚಿಕೊಂಡದ್ದು ಎಂಬ ದೂರು ಅಂದಿನಿಂದ ಇದೆ. ಟೆಸ್‌ಳ ಭಾಷಣ ಅತಿಯಾಯಿತು ಎಂಬುದು ನಿಜ. ಆದರೆ ಮ್ಯಾಟ್ ಗುಂಡು ಹಾರಿಸದೆ ನಿಂತ ಕ್ಷಣಕ್ಕೇ ಡನ್ಸನ್‌ನ ಕಾನೂನು ಸತ್ತಿತ್ತು. ಎದುರಾಳಿ ಬಂದೂಕು ಹಿಡಿಯದಿದ್ದರೆ ಏನು ಮಾಡಬೇಕೆಂದು ಅವನಿಗೆ ಗೊತ್ತೇ ಇಲ್ಲ. ಅಷ್ಟರಮಟ್ಟಿಗೆ ಅಂತ್ಯ ಒಪ್ಪಿತ. ಒಪ್ಪಲಾಗದ್ದು ಚೆರ್ರಿಯ ಗತಿ. ಗುಂಡು ತಿಂದು ಬಿದ್ದವನನ್ನು ಚಿತ್ರ ಅಲ್ಲೇ ಮರೆತು ಮದುವೆಯ ಮಾತಿಗೆ ಹೋಗುತ್ತದೆ. ಮೊದಲ ಅಧ್ಯಾಯದಲ್ಲಿ ಡಾನ್ ಡಿಯೇಗೊನ ಸವಾರನನ್ನು ಮರೆತಂತೆಯೇ.

ಅಂತ್ಯದ ಕೆಲವು ತುಣುಕುಗಳು ಕತ್ತರಿಗೆ ಸಿಕ್ಕಿದ್ದಕ್ಕೆ ಬೇರೆಯದೇ ಕಾರಣವಿದೆ. ತನ್ನ ‘ದಿ ಔಟ್‌ಲಾ’ ಚಿತ್ರದ ದೃಶ್ಯವನ್ನು ಇದು ಹೋಲುತ್ತದೆಂದು ಹೊವರ್ಡ್ ಹ್ಯೂಸ್ ತಕರಾರು ತೆಗೆದದ್ದರಿಂದ ಬಿಡುಗಡೆಯ ಹೊಸ್ತಿಲಲ್ಲಿ ಆ ಭಾಗವನ್ನು ಮೊಟಕುಗೊಳಿಸಿದರು. ಹಾಗಾಗಿ ಇಂದಿಗೂ ಎರಡು ಪ್ರತಿಗಳು ಚಾಲ್ತಿಯಲ್ಲಿವೆ. 133 ನಿಮಿಷದ್ದರಲ್ಲಿ ಪುಸ್ತಕದ ಪುಟಗಳು ಮಗುಚುತ್ತಾ ಕೈಬರಹದಲ್ಲಿ ಕಥೆ ಮುಂದೆ ಸಾಗುತ್ತದೆ. 127 ನಿಮಿಷದ್ದರಲ್ಲಿ ಪುಟಗಳ ಜಾಗಕ್ಕೆ ಗ್ರೂಟ್ ಆಗಿ ವಾಲ್ಟರ್ ಬ್ರೆನನ್‌ನ ದನಿಯಿದೆ, ಕೊನೆಯ ಮುಖಾಮುಖಿ ಚಿಕ್ಕದು. ಚಿತ್ರಮಂದಿರಗಳಿಗೆ ಹೋದದ್ದು ಚಿಕ್ಕದೇ. 2014ರಲ್ಲಿ ಚಿತ್ರಗಳ ಡಿಸ್ಕ್ ಹೊರತರುವ ಕ್ರೈಟೀರಿಯನ್ ಸಂಸ್ಥೆ ಎರಡನ್ನೂ ಒಟ್ಟಿಗೆ ತಂದಿತು. ಮೊದಲ ಸಲಕ್ಕೆ ದನಿಯಿರುವುದನ್ನು ನೋಡುವುದು ಒಳ್ಳೆಯದು. ಬ್ರೆನನ್‌ನ ಹಲ್ಲಿಲ್ಲದ ಗೊಗ್ಗರು ಮಾತು ಪುಟ ಓದುವ ತಾಪತ್ರಯ ತಪ್ಪಿಸುತ್ತದೆ, ಮಂದೆ ಓಡುವ ಲಯ ಕೆಡುವುದಿಲ್ಲ. ಅಂತ್ಯಕ್ಕೆ ಮಾತ್ರ ಉದ್ದದ ಪ್ರತಿಯ ಕೊನೆಯ ಹತ್ತು ನಿಮಿಷ ಹಾಕಿಕೊಳ್ಳಿ. ಡನ್ಸನ್ ಬಂದೂಕು ಎತ್ತು ಎಂದು ಮ್ಯಾಟ್‌ನನ್ನು ಕೆಣಕುವ ಹೊತ್ತು ಅದರಲ್ಲಿ ಪೂರ್ತಿಯಾಗಿ ಉಳಿದಿದೆ. ನೋಡುವಾಗ ಮಂದೆಯ ಕಡೆಗೂ ಒಂದು ಕಣ್ಣಿರಲಿ: ಆರಿಜೋನಾದ ಆ ಬಯಲಿಗೆ ತಂದಿದ್ದ ದನಗಳಲ್ಲಿ ಲಾಂಗ್‌ಹಾರ್ನ್ ಕೆಲವೇ. ಅವನ್ನು ಕ್ಯಾಮೆರಾದ ಹತ್ತಿರ ನಿಲ್ಲಿಸಿದ್ದಾರೆ, ಹಿಂದಿರುವ ಬಿಳಿಮುಖದವೆಲ್ಲ ಆ ಕಾಲದ ಟೆಕ್ಸಾಸ್‌ಗೆ ಇನ್ನೂ ಬಂದಿರದ ಹೆರ್‌ಫರ್ಡ್ ತಳಿ.